ಬೈಲಪ್ಪನ ಬನ್ನಿನ ಕವರು

ವಿಜಯಪುರದ ಅಂಚಿನಲ್ಲೊಂದು ಟಾರು ರಸ್ತೆ. ಆಚೆ ಬದಿ ಪುರಸಭೆ, ಈಚೆ ಬದಿ ಪಂಚಾಯಿತಿ. ಕಸ ಎರಡೂ ಕಡೆ ಒಂದೇ, ಕಾನೂನು ಮಾತ್ರ ಬೇರೆ. ಆಚೆ ಹಸಿ ಕಸಕ್ಕೆ ದಿನಾ ಗಾಡಿ, ಒಣ ಕಸಕ್ಕೆ ಬುಧವಾರ. ಚೀಲಕ್ಕೆ ತುರುಕಿ ಕೊಟ್ಟರೂ ಕೇಳುವವರಿಲ್ಲ. ಈಚೆ ಹಸಿ ಕಸ ಅವರವರ ತಿಪ್ಪೆಗೆ. ಒಣ ಕಸ ಪಂಚಾಯಿತಿ ಆಟೋಗೆ, ಅದೂ ಪ್ರತಿ ಕವರನ್ನು ತೊಳೆದು, ಬಿಸಿಲಿಗೆ ಹಾಕಿ, ನಾಲ್ಕು ಮಡಿಕೆ ಮಾಡಿ, ಬಾಳೆನಾರಿನಲ್ಲಿ ಕಟ್ಟಿ ಕೊಡಬೇಕು. ಇಂಥ ಕಾನೂನು ಯಾವ ಪುಣ್ಯಾತ್ಗಿತ್ತಿ ಮಾಡಿದಳು ಅಂತೀರಿ? ಆಟೋ ಓಡಿಸುವ ದ್ಯಾವಮ್ಮ, ಬೈಲಪ್ಪನ ಹೆಂಡತಿ!

ಬೈಲಪ್ಪನಿಗೆ ಸಕ್ಕರೆ ಕಾಯಿಲೆ. ಇನ್ನು ಸಿಹಿ ಮುಟ್ಟುವುದಿಲ್ಲವೆಂದು ಯುಗಾದಿ ದಿನ ದ್ಯಾವಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದ. ಹಾಳು ನಾಲಿಗೆ ಕೇಳಬೇಕಲ್ಲ! ಹದಿನೈದೇ ದಿನಕ್ಕೆ ಹುಲ್ಲಿನ ಬಣವೆಯ ಹಿಂದೆ ಕೂತು ಕ್ರೀಮ್ ಬನ್ನು ತಿನ್ನತೊಡಗಿದ. ಬನ್ನೇನೋ ಹೊಟ್ಟೆ ಸೇರಿತು, ಕವರು ಎಲ್ಲಿ ಸೇರಬೇಕು? ಸುಟ್ಟರೆ ವಾಸನೆ, ಹೂತರೆ ನಾಯಿ ಕೆದಕುತ್ತದೆ, ಆಟೋಗೆ ಹಾಕಿದರೆ ಅವಳೇ ಆಯುತ್ತಾಳೆ. ಕೊನೆಗೆ ರಸ್ತೆ ದಾಟಿ, ರೇಷ್ಮೆ ಹುರಿ ಮಾಡುವ ಗೆಳೆಯ ಹಬೀಬುಲ್ಲಾನ ಮನೆಗೆ ಹೋದ.

"ನಿಮ್ ಕಡೆ ಸ್ವರ್ಗ ಕಣ್ ಭಾಯ್. ಇದನ್ನ ನಿಮ್ ಚೀಲಕ್ಕೆ ಹಾಕ್ಬಿಡಿ" ಎಂದು ಬನ್ನಿನ ಕವರುಗಳ ಕಟ್ಟು ಕೊಟ್ಟ.

"ಸಿಕ್ಕಾಕ್ಕೊಂಡ್ರೆ ನನ್ ಹೆಸ್ರು ಹೇಳ್ಬೇಡಿ ಬೈಲಪ್ಪಣ್ಣ" ಎಂದು ಹಬೀಬುಲ್ಲಾ ನಕ್ಕ.

ಆ ತಿಂಗಳಿಂದ ಪುರಸಭೆಯ ಒಣ ಕಸವೂ ಪಂಚಾಯಿತಿ ಶೆಡ್ಡಿಗೇ ಬರುತ್ತಿತ್ತು, ಆಯುವವರೂ ದ್ಯಾವಮ್ಮನ ಮಹಿಳಾ ಸಂಘದವರೇ. ಪಾಪ, ಈ ಸುದ್ದಿ ಗೆಳೆಯರಿಬ್ಬರಿಗೂ ಗೊತ್ತಿರಲಿಲ್ಲ.

ಗುರುವಾರ ಸಂಜೆ ದ್ಯಾವಮ್ಮ ಬಂದವಳೇ ಕಟ್ಟನ್ನು ಜಗುಲಿಯ ಮೇಲೆ ಕುಕ್ಕಿದಳು. "ಟೌನ್ ಚೀಲದಾಗೆ ಸಿಕ್ತು."

"ಟೌನ್ನೋರು ಯಾರೋ ತಿಂದವ್ರೆ ಬಿಡು" ಎಂದ ಬೈಲಪ್ಪ.

"ಟೌನ್ನೋರು ತೊಳ್ದು ಕೊಡ್ತಾರಾ? ನಾಕ್ ಮಡಿಕೆ ಮಾಡ್ತಾರಾ? ಬಾಳೆನಾರಲ್ಲಿ ಕಟ್ತಾರಾ?"

ಅಯ್ಯೋ ದೇವರೇ! ಹೆದರಿಕೆಗೆ ಕೈ ತಾನೇ ತಾನಾಗಿ ಅವಳ ಕಾನೂನು ಪಾಲಿಸಿಬಿಟ್ಟಿತ್ತು.

ಬೈಗುಳದ ಮಳೆ ಸುರಿಯುತ್ತದೆ ಅಂದುಕೊಂಡರೆ, ದ್ಯಾವಮ್ಮ ಮೆಲ್ಲಗೆ ಕೂತಳು. "ನನ್ ತಲೆ ಮುಟ್ಟಿದ್ದೆ ಕಣಯ್ಯಾ. ನಾನ್ ಸತ್ರೂ ಪರ್ವಾಗಿಲ್ಲ ಅನ್ನೋವಷ್ಟು ರುಚಿಯಾಗಿತ್ತಾ?"

ಬೈಲಪ್ಪ ಅವಳ ಪಕ್ಕಕ್ಕೆ ಸರಿದು ಕೂತ. "ಇಲ್ಲ ಕಣಮ್ಮೀ! ಆಣೆ ನಿಂಗ್ ತಟ್ಬಾರ್ದು ಅಂತ ಒಂದೊಂದ್ರಲ್ಲೂ ಅರ್ಧ ನಾಯಿಗೆ ಹಾಕಿವ್ನಿ."

"ಹಂಗಾದ್ರೆ ನಾನು ಅರ್ಧ ಸಾಯ್ಬೇಕಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನಿಗೆ ಅಳು ಮಾತ್ರ ಬಂತು. ಕಣ್ಣೊರೆಸಿಕೊಂಡು, "ನಾಳೆ ಬೆಳಿಗ್ಗೇನೇ ಆಸ್ಪತ್ರೆಗೋಗಿ ರಕ್ತ ತೋರಿಸ್ತೀನಿ" ಎಂದ.

"ಒಬ್ಬನ್ನೇ ಬಿಟ್ರೆ ಬೇಕರಿ ದಾರಿ ಹಿಡೀತೀಯ. ಆಟೋದಾಗ್ ಕೂತ್ಕೋ, ನಾನೇ ಕರ್ಕೊಂಡೋಗ್ತೀನಿ."

ಮಾರನೇ ದಿನ ಕಸದ ಚೀಲಗಳ ನಡುವೆ ಬೈಲಪ್ಪ ಮುದುರಿ ಕೂತಿದ್ದ. ಅರಳಿಕಟ್ಟೆಯ ಮೇಲಿದ್ದ ಆಂಜಿನಪ್ಪ ಕೂಗಿ ಕೇಳಿದ: "ಏನ್ ದ್ಯಾವಕ್ಕಾ, ಇದು ಹಸಿ ಕಸಾನಾ, ಒಣ ಕಸಾನಾ?"

ದ್ಯಾವಮ್ಮ ಆಟೋ ನಿಲ್ಲಿಸಲೇ ಇಲ್ಲ. "ಇದನ್ನ ಆ ಕಡೆ ಗಾಡಿನೂ ತಗಳಲ್ಲ, ಈ ಕಡೆ ಗಾಡಿನೂ ತಗಳಲ್ಲ ಕಣಪ್ಪಾ. ಮನೇಲೇ ಇಟ್ಕೊಂಡು ಜ್ವಾಪಾನ ಮಾಡ್ಬೇಕು!"