ಮೂಲೆ ಕತ್ತರಿಸಿದ ಪಾಸ್‌ಪೋರ್ಟ್

ಗಾಜು ಒಡೆದ ದೇವರ ಪಟವನ್ನು, ಕೈ ಮುರಿದ ಮಣ್ಣಿನ ಗಣಪನನ್ನು ನಾವು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಭಿನ್ನವಾಯಿತು ಅನ್ನುತ್ತೇವೆ. ಕೈಮುಗಿದು ಒಯ್ದು ನೀರಿಗೆ ಬಿಡುತ್ತೇವೆ. ಈಸೂರಿನ ಸುಂಕಲಮ್ಮನದೂ ಅದೇ ರೂಢಿ. ಆದರೆ ಈ ಸಲ ಅವಳ ದೇವರ ಗೂಡಿನಲ್ಲಿ ಭಿನ್ನವಾಗಿ ಕೂತಿದ್ದದ್ದು ಪಟವಲ್ಲ, ಸೊಸೆಯ ಪಾಸ್‌ಪೋರ್ಟ್.

ಸೊಸೆ ಧನಲಕ್ಷ್ಮಿ ಗಲ್ಫ್ ದೇಶವೊಂದರಲ್ಲಿ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಹೋದಾಗ ತರಕಾರಿ ಹೆಚ್ಚುವ ಕೆಲಸ ಕೊಟ್ಟಿದ್ದರು. ಈಗ ಯಾವ ರೋಗಿಗೆ ಉಪ್ಪಿಲ್ಲದ ಊಟ, ಯಾರಿಗೆ ಗಂಜಿ, ಯಾರಿಗೆ ಸಿಹಿ ಕೂಡದು ಎಂದು ನೋಡಿ ತಟ್ಟೆ ಕಳಿಸುವವಳು ಅವಳೇ. ರಜೆ ಮುಗಿಸಿ ಹಿಂತಿರುಗಿದರೆ ಇಡೀ ಒಂದು ಪಾಳಿಯ ಮೇಲ್ವಿಚಾರಣೆ ಅವಳದಾಗುವುದಿತ್ತು. ಮಾತು ಬಾರದ ದೇಶದಲ್ಲಿ, ಹತ್ತು ಊರಿನ ಹೆಂಗಸರನ್ನು ಸೇರಿಸಿಕೊಂಡು ಕೆಲಸ ನಡೆಸುವುದು ಎಂಥದ್ದೆಂದು ಸುಂಕಲಮ್ಮನಿಗೆ ಗೊತ್ತು. ಅವಳೂ ವರ್ಷಗಟ್ಟಲೆ ಭತ್ತ ನಾಟಿ ಮಾಡುವ ಹೆಂಗಸರ ಗುಂಪು ಕಟ್ಟಿಕೊಂಡು ಊರೂರು ಗದ್ದೆ ತಿರುಗಿದವಳು. ಅದಕ್ಕೇ ಸೊಸೆಯ ಸುದ್ದಿ ಬಂದರೆ ಅವಳ ದನಿ ತಾನಾಗಿ ಏರುತ್ತಿತ್ತು.

ಧನಲಕ್ಷ್ಮಿ ಮೊದಲ ಸಲ ವಿಮಾನ ಹತ್ತಿದ ದಿನ ಸುಂಕಲಮ್ಮ ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಿದ್ದಳು. ಈ ಪಾಸ್‌ಪೋರ್ಟ್ ಪುಸ್ತಕದ ಅವಧಿ ಮುಗಿಯುವ ತನಕ ನನ್ನ ಸೊಸೆಯನ್ನು ಕಾಯು, ಮುಗಿದ ಮೇಲೆ ಪುಸ್ತಕವನ್ನು ನಿನಗೆ ತೋರಿಸಿ ವರದಾ ನದಿಯ ನೀರಿಗೆ ಬಿಡುತ್ತೇನೆ, ಎಂದು. ಅಮ್ಮ ಕಾಯ್ದಳು. ಪುಸ್ತಕದ ಅವಧಿಯೂ ಮುಗಿಯಿತು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯವರು ಹೊಸ ಪಾಸ್‌ಪೋರ್ಟ್ ಕೊಟ್ಟು, ಹಳೆಯದರ ರಟ್ಟಿನ ಮೂಲೆ ಕತ್ತರಿಸಿ, ರದ್ದು ಎಂಬ ಮುದ್ರೆ ಒತ್ತಿ ಹಿಂದಕ್ಕೆ ಕೊಟ್ಟರು. ಧನಲಕ್ಷ್ಮಿ ಎರಡನ್ನೂ ಹಿಡಿದು ರಜೆಗೆ ಬಂದಳು. ಪೂಜೆಗೆ ಇಡು ಎಂದು ಅತ್ತೆ ಕೇಳಿದ್ದಕ್ಕೆ ಹಳೆಯದನ್ನು ದೇವರ ಗೂಡಿನಲ್ಲಿಟ್ಟು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು.

ಸುಂಕಲಮ್ಮ ದೀಪ ಹಚ್ಚುವಾಗ ಆ ಕತ್ತರಿಸಿದ ಮೂಲೆ ಕಂಡಿತು. ಮಗ ಪರಶುರಾಮನಿಗೆ ತೋರಿಸಿದಳು. ಅವನು ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ. ಹೊಸದು ಬಂದಿದೆಯಲ್ಲ, ಹಳೆಯದನ್ನು ಏನಾದರೂ ಮಾಡಿಕೋ ಎಂದು ತಲೆ ಎತ್ತದೆ ಹೇಳಿದ. ಸುಂಕಲಮ್ಮನಿಗೆ ಅಷ್ಟು ಸಾಕಾಯಿತು. ಸೊಸೆ ಬರುವಷ್ಟರಲ್ಲಿ ಹರಕೆ ತೀರಿಸಿ ಅವಳನ್ನು ಖುಷಿಪಡಿಸಬೇಕು ಅನ್ನಿಸಿತು. ಪುಸ್ತಕವನ್ನು ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಹೊರಟಳು.

ಜೊತೆಗೆ ಬಂದವಳು ಪಕ್ಕದ ಮನೆಯ ಸೌಂದರ್ಯ. ಇವಳೂ ಕೆಲವು ವರ್ಷ ಹೊರದೇಶದಲ್ಲಿ ನರ್ಸ್ ಆಗಿದ್ದು, ಈಗ ಶಿಕಾರಿಪುರದ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಬಸ್ಸಿನಲ್ಲಿ ಶಿರಾಳಕೊಪ್ಪ ದಾಟಿ ಸೊರಬದಲ್ಲಿ ಇಳಿಯುವ ತನಕ ಸುಂಕಲಮ್ಮ ಬೇರೆ ಏನೇನೋ ಹೇಳುತ್ತಿದ್ದಳು. ಚಂದ್ರಗುತ್ತಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಾಗ ಮಡಿಲ ಗಂಟು ಬಿಚ್ಚಿ ಹರಕೆಯ ಕಥೆ ಹೇಳಿದಳು.

ಸೌಂದರ್ಯ ಪುಸ್ತಕ ತೆಗೆದುಕೊಂಡು ಹಾಳೆ ಮಗುಚಿದಳು. ನಡುವೆ ಒಂದು ಕಡೆ ನಿಲ್ಲಿಸಿ ಬೆರಳಿಟ್ಟಳು.

"ಸುಂಕಲಮ್ಮ, ಪಾಸ್‌ಪೋರ್ಟ್ ರದ್ದಾಗೈತೆ, ಖರೆ. ಆದ್ರೆ ಇದ್ರಾಗೆ ಅಂಟಿಸಿರೋ ವೀಸಾ ರದ್ದಾಗಿಲ್ಲ. ನಿಮ್ಮ ಸೊಸೆ ಆ ದೇಶದಾಗೆ ಇರಬಹುದು, ದುಡೀಬಹುದು ಅಂತ ಅವರು ಕೊಟ್ಟ ಒಪ್ಪಿಗೆ ಇದು. ಇದನ್ನ ನೀರಿಗೆ ಬಿಟ್ರೆ ಧನಲಕ್ಷ್ಮಿ ವಾಪಸ್ ಹೋಗೋದು ಹೆಂಗೆ?"

ಸುಂಕಲಮ್ಮ ನಂಬಲಿಲ್ಲ. ಹೊಸ ಪುಸ್ತಕ ಕೊಟ್ಟವರು ಅದನ್ನೂ ಅದರಲ್ಲಿ ಬರೆದೇ ಕೊಟ್ಟಿರುತ್ತಾರಲ್ಲ ಎಂದಳು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ, ವೀಸಾ ಕೊಡುವುದು ಆ ದೇಶ, ಅವರು ಕೊಡಬೇಕಾದ್ದನ್ನು ನಮ್ಮವರು ಬರೆದುಕೊಡಲಾಗದು ಎಂದು ಸೌಂದರ್ಯ ವಿವರಿಸಿದಳು. ಹಳೆಯದರಲ್ಲಿರುವ ವೀಸಾವನ್ನು ಹೊಸದಕ್ಕೆ ವರ್ಗಾಯಿಸಿ ಎಂದು ಆ ದೇಶದ ವಲಸೆ ಇಲಾಖೆಯನ್ನು ನಾವೇ ಕೇಳಿಕೊಳ್ಳಬೇಕು ಎಂದಳು.

"ನೀನು ವಿಮಾನದಾಗೆ ಓಡಾಡಿದಾಕಿ, ನಿನಗೆ ಎಲ್ಲದ್ರಾಗೂ ಕಾನೂನೇ ಕಾಣ್ತೈತೆ," ಎಂದು ಸುಂಕಲಮ್ಮ ಗಂಟು ಕಟ್ಟತೊಡಗಿದಳು. "ಅಮ್ಮಗೆ ಕೊಟ್ಟ ಮಾತು ನಿಮ್ಮ ಆಫೀಸಿನೋರಿಗೆ ಗೊತ್ತೈತೇನು?"

ಸೌಂದರ್ಯ ಧನಲಕ್ಷ್ಮಿಗೆ ಫೋನ್ ಹಚ್ಚಿ ಸಂಗತಿ ತಿಳಿಸಿ, ಅತ್ತೆಯ ಕೈಗೆ ಕೊಟ್ಟಳು. ಆ ಕಡೆಯಿಂದ ಧನಲಕ್ಷ್ಮಿ ಮೆಲ್ಲಗೆ ಹೇಳಿದಳು:

"ಅತ್ತೆ, ಹೊಸಾದ್ರಾಗೆ ಬರೀ ಖಾಲಿ ಹಾಳೆ ಅದಾವೆ. ವೀಸಾ ನಿಮ್ಮ ಕೈಯಾಗಿರೋದ್ರಾಗೇ ಐತೆ. ಬರೋಕ್ಕಿಂತ ಮೊದ್ಲೇ ಮಾಡಿಸ್ಕೋ ಅಂತ ಅಲ್ಲಿ ಹೇಳಿದ್ರು, ರಜೆ ಸಿಕ್ತಲ್ಲ ಅಂತ ನಾನೇ ಮುಂದಕ್ಕೆ ಹಾಕಿದೆ."

ಬೈಗುಳ ಬಂದಿದ್ದರೆ ಸುಂಕಲಮ್ಮ ತಿರುಗಿ ಬೈಯುತ್ತಿದ್ದಳೇನೋ. ಈ ಮೆಲ್ಲನೆಯ ಮಾತು ಅವಳನ್ನು ಕಟ್ಟಿಹಾಕಿತು. ಚಂದ್ರಗುತ್ತಿ ಬಸ್ಸು ಬಂದು ನಿಂತಿತು. ಅವಳು ಏಳಲಿಲ್ಲ. ಕಾಯ್ದ ದೇವಿಗೆ ಸುಳ್ಳಾಡಬೇಕೇ, ದುಡಿದ ಸೊಸೆಯ ದಾರಿ ಮುಚ್ಚಬೇಕೇ? ಎರಡೂ ಅವಳಿಂದ ಆಗದ ಕೆಲಸ.

ಸೌಂದರ್ಯ ಪಕ್ಕಕ್ಕೆ ಸರಿದು ಕೂತಳು.

"ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಗುಂಪಿನೋರು ಸಸಿ ಕೀಳೋಕ್ಕಿಂತ ಮೊದ್ಲೇ ಯಾರಾದ್ರೂ ಸಸಿಮಡಿ ಹಳೇದಾಯ್ತು ಅಂತ ನೇಗಿಲು ಹೊಡೆದ್ರೆ ಏನು ಮಾಡ್ತಿದ್ರಿ?"

"ಕೈ ಮುರೀತಿದ್ದೆ," ಎಂದಳು ಸುಂಕಲಮ್ಮ. "ಗದ್ದೆಗೆ ಏನು ನೆಡಬೇಕು, ಅವನ ತಲೇನಾ?"

ಹೇಳಿದ ಮೇಲೆ ಅವಳ ಕೈ ಗಂಟಿನ ಮೇಲೆ ಹಾಗೇ ನಿಂತಿತು. ಹಳೆಯ ಪುಸ್ತಕ ಸಸಿಮಡಿ, ವೀಸಾ ಸಸಿ, ಹೊಸ ಪುಸ್ತಕ ಗದ್ದೆ. ಕಿತ್ತು ನೆಡುವ ಕೆಲಸ ಇನ್ನೂ ಬಾಕಿ. ಬದುಕೆಲ್ಲ ಬಗ್ಗಿ ಮಾಡಿದ ಕೆಲಸವನ್ನು ಯಾರೂ ಅವಳಿಗೆ ಎರಡನೇ ಸಲ ಬಿಡಿಸಿ ಹೇಳಬೇಕಾಗಲಿಲ್ಲ. ಹಾಗಾದರೆ ವೀಸಾ ಹೊಸದಕ್ಕೆ ಹೋದ ಮೇಲೆ ಇದನ್ನು ನೀರಿಗೆ ಬಿಡಬಹುದಾ ಎಂದಷ್ಟೇ ಕೇಳಿದಳು. ಆಗಲೂ ಬೇಡ ಎಂದಳು ಸೌಂದರ್ಯ. ಪಾಸ್‌ಪೋರ್ಟ್ ಸರ್ಕಾರದ ಸ್ವತ್ತು, ನಮಗೆ ಇಟ್ಟುಕೊಳ್ಳಲು ಕೊಟ್ಟದ್ದು. ಎಲ್ಲಿಗೆ ಹೋಗಿದ್ದೆ, ಯಾವಾಗ ಬಂದೆ ಎಂದು ಮುಂದೆ ಯಾರಾದರೂ ಕೇಳಿದರೆ ತೋರಿಸುವುದಕ್ಕೂ ಬೇಕು.

ಮುಂದಿನ ಬಸ್ಸಿಗೆ ಇಬ್ಬರೂ ಚಂದ್ರಗುತ್ತಿಗೆ ಹೋದರು. ಸುಂಕಲಮ್ಮ ಪುಸ್ತಕವನ್ನು ಎದೆಗೆ ಒತ್ತಿಕೊಂಡೇ ಮೆಟ್ಟಿಲು ಹತ್ತಿ ಅಮ್ಮನ ಮುಂದೆ ನಿಂತಳು. ಸುತ್ತ ಜನ ಇದ್ದದ್ದು ಅವಳಿಗೆ ಲೆಕ್ಕಕ್ಕೆ ಬರಲಿಲ್ಲ.

"ತಾಯಿ, ಮುಗೀತು ಅಂತ ನಾನೇ ತಿಳ್ಕೊಂಡಿದ್ದೆ. ಮುಗಿದಿಲ್ಲಂತೆ. ಮುಗಿದ ಮೇಲೂ ಇದು ಸರ್ಕಾರದ್ದು, ನಿನಗೆ ಕೊಡೋಕೆ ನನ್ನದಲ್ಲ. ನನ್ನದು ಅಂದ್ರೆ ಗದ್ದೆ. ಈ ಸಲದ ಮೊದಲ ಹೊಸಕ್ಕಿ ಹೊತ್ತು ತರ್ತೀನಿ, ನಿನ್ನ ಬಾಗಿಲಿಗೆ ಬಂದೋರು ಉಣ್ಲಿ."

ಸೌಂದರ್ಯ ಅವಳನ್ನೇ ನೋಡುತ್ತಿದ್ದಳು. ಅಷ್ಟು ದೊಡ್ಡ ಹರಕೆಯನ್ನು ಅಷ್ಟು ನೇರವಾಗಿ, ದೇವರ ಜೊತೆ ಮುಖಾಮುಖಿ ಬಗೆಹರಿಸಿಕೊಂಡವರನ್ನು ಅವಳು ಬೇರೆ ಕಂಡಿರಲಿಲ್ಲ.

ಈಸೂರಿಗೆ ಬಂದಾಗ ಧನಲಕ್ಷ್ಮಿ ಆಗಲೇ ತವರಿನಿಂದ ಓಡಿಬಂದಿದ್ದಳು. ಪುಸ್ತಕವನ್ನು ಕೈಗೆ ತೆಗೆದುಕೊಂಡು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಸುಂಕಲಮ್ಮ ಹೊಸ ಪುಸ್ತಕವನ್ನೂ ತರಿಸಿ, ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೊಸೆಗೆ ಕೊಟ್ಟಳು. ಹೊಸ ಪಾಸ್‌ಪೋರ್ಟಿನ ನಂಬರು ಹಾಕಿ ಟಿಕೆಟ್ ಮಾಡಿಸಿದರು. ವಿಮಾನ ನಿಲ್ದಾಣದಲ್ಲಿ ಎರಡನ್ನೂ ಕೇಳಿದರು, ಧನಲಕ್ಷ್ಮಿ ಎರಡನ್ನೂ ತೋರಿಸಿದಳು. ಅಲ್ಲಿ ಇಳಿದವಳು ಈ ಸಲ ಮುಂದಕ್ಕೆ ಹಾಕಲಿಲ್ಲ. ಆಸ್ಪತ್ರೆಯ ಕಚೇರಿಯವರ ಮೂಲಕ ವಲಸೆ ಇಲಾಖೆಗೆ ಅರ್ಜಿ ಕೊಟ್ಟು ವೀಸಾವನ್ನು ಹೊಸ ಪಾಸ್‌ಪೋರ್ಟಿಗೆ ವರ್ಗ ಮಾಡಿಸಿಕೊಂಡಳು. ಪಾಳಿಯ ಮೇಲ್ವಿಚಾರಕಿಯ ಬಿಳಿ ಅಂಗಿ ತೊಟ್ಟ ಅವಳ ಫೋಟೋ ಮನೆಗೆ ಬಂದ ದಿನ ಸುಂಕಲಮ್ಮ ಪರಶುರಾಮನ ಫೋನನ್ನು ಸಂಜೆಯ ತನಕ ವಾಪಸ್ ಕೊಡಲಿಲ್ಲ.

ಈಗ ಸುತ್ತಮುತ್ತ ಯಾರ ಮನೆಯವರು ಹೊರದೇಶದಿಂದ ಬಂದರೂ ಸುಂಕಲಮ್ಮ ಹೋಗಿ ವಿಚಾರಿಸುತ್ತಾಳೆ. ಪುಸ್ತಕ ಹೊಸದಾ, ವೀಸಾ ಯಾವುದರಲ್ಲಿದೆ, ಹಳೆಯದು ಎಲ್ಲಿಟ್ಟಿದ್ದೀರಿ? ಇವಳನ್ನು ದಾಟುವುದಕ್ಕಿಂತ ವಿಮಾನ ನಿಲ್ದಾಣ ದಾಟುವುದೇ ಸಲೀಸು ಎಂದು ಊರಿನವರು ನಗುತ್ತಾರೆ. ನಕ್ಕರೂ, ಒಳಗೆ ಹೋಗಿ ಪುಸ್ತಕ ತಂದು ತೋರಿಸುತ್ತಾರೆ.

ಹೊರದೇಶದಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪಾಸ್‌ಪೋರ್ಟ್ ಹೊಸದಾದ ಕೂಡಲೇ ಅಲ್ಲಿನ ವಲಸೆ ಇಲಾಖೆಯಲ್ಲೋ ಕೆಲಸ ಕೊಟ್ಟವರ ಕಚೇರಿಯಲ್ಲೋ ವೀಸಾದ ಬಗ್ಗೆ ವಿಚಾರಿಸಿ. ಒಂದೊಂದು ದೇಶದ ನಿಯಮ ಒಂದೊಂದು ಥರ. ಕೆಲವು ಕಡೆ ಹೊಸದಕ್ಕೆ ಮುದ್ರೆ ಹಾಕುತ್ತಾರೆ, ಕೆಲವು ಕಡೆ ಕಂಪ್ಯೂಟರಿನಲ್ಲಿ ನಂಬರು ಬದಲಿಸುತ್ತಾರೆ, ಇನ್ನು ಕೆಲವು ಕಡೆ ಎರಡನ್ನೂ ಜೊತೆಗಿಟ್ಟುಕೊಂಡರೆ ಸಾಕು ಅನ್ನುತ್ತಾರೆ. ನಿಮ್ಮದು ಯಾವುದೆಂದು ಸರ್ಕಾರಿ ಕಚೇರಿಯಿಂದಲೇ ತಿಳಿದುಕೊಳ್ಳಿ, ಊರಿಗೆ ಹೊರಡುವ ಮೊದಲೇ ಮುಗಿಸಿ. ಹಳೆಯ ಪಾಸ್‌ಪೋರ್ಟನ್ನು ಹರಿಯಬೇಡಿ, ಎಸೆಯಬೇಡಿ, ವೀಸಾದ ಹಾಳೆ ಕೀಳಬೇಡಿ. ಊರಲ್ಲಿರುವವರೇ, ಅವರು ರಜೆಗೆ ಬಂದಾಗ ಊಟಕ್ಕೆ ಕೂರಿಸಿ ಈ ಮಾತು ಕೇಳಿ. ಅಷ್ಟು ದೂರ ಹೋಗಿ ಗಟ್ಟಿಯಾಗಿ ನಿಂತವರ ದಾರಿ ನಮ್ಮ ಮನೆಯೊಳಗೆ ಮುಚ್ಚಿಹೋಗದಿರಲಿ.