ಟವೆಲ್ ಮಡಿಕೆಯೊಳಗಿನ ಬಸ್ ಟಿಕೆಟ್

ಏಳನೆಯ ಟವೆಲ್ ಕೊಡವಿದಾಗಲೂ ಟಿಕೆಟ್ ಬೀಳಲಿಲ್ಲ. ಕಡ್ಡಿ ಎಂದೇ ಎಲ್ಲರೂ ಕರೆಯುವ ಹುಡುಗ ಎಂಟನೆಯದನ್ನು ಎಳೆದ, ಬಿಡಿಸಿದ, ಕೊಡವಿದ. ಮಂಚದ ತುಂಬ ಬಟ್ಟೆ. ಏಳು ವರ್ಷದ ತಂಗಿ ಪುಟ್ಟಿ ಬಾಗಿಲಲ್ಲಿ ಕಾವಲು ನಿಂತಿದ್ದಳು. ಅಮ್ಮ ಬಂದಳು ಎಂದು ಅವಳು ಪಿಸುಗುಟ್ಟುವುದಕ್ಕೂ ಅಮ್ಮ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

"ನಿನ್ನೆ ನಾನು ಮಡಚಿದ ನೀಲಿ ಟವೆಲಿನೊಳಗೆ ಒಂದು ಬಸ್ ಟಿಕೆಟ್ ಇಟ್ಟಿದ್ದೆ," ಎಂದ ಕಡ್ಡಿ. "ಎಲ್ಲಿ ಹೋಯ್ತು?"

ಟಿಕೆಟ್ ಕಿಟಕಿಯ ಹತ್ತಿರ, ಬಾಚಣಿಗೆಯ ಕೆಳಗಿತ್ತು. ಟವೆಲ್ ಬಿಚ್ಚಿ ಮತ್ತೆ ಮಡಚುವಾಗ ಅಲ್ಲಿಟ್ಟವಳು ಅಮ್ಮನೇ.

"ನಾವು ಆಡೋಕೆ ಹೋದ ತಕ್ಷಣ ಎಲ್ಲಾ ಬಿಚ್ಚಿ ಮತ್ತೆ ಮಡಚ್ತೀಯ. ನಂಗೆ ಮೊದಲೇ ಅನುಮಾನ ಇತ್ತು, ಅದಕ್ಕೇ ಟಿಕೆಟ್ ಇಟ್ಟೆ," ಎಂದ ಕಡ್ಡಿ. "ಇನ್ಮೇಲೆ ನೀನೇ ಮಾಡ್ಕೋ."

ತನ್ನ ಲೋಟಗಳನ್ನೂ ಅಮ್ಮ ಎರಡನೇ ಸಲ ತೊಳೆಯುತ್ತಾಳೆ ಎಂದು ಪುಟ್ಟಿ ದೂರು ಸೇರಿಸಿದಳು. ಮೂತಿ ಉದ್ದ ಮಾಡಿಕೊಂಡು ಅಣ್ಣನ ಪಕ್ಕ ಕುಳಿತಳು.

ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಒಂಬತ್ತು ವರ್ಷದಿಂದ ಅವಳ ಕೈಯಿಂದ ಹೋದ ಒಂದು ಹಾಸಿಗೆ ಬಟ್ಟೆಯೂ ಅಂಚು ತಪ್ಪಿಲ್ಲ. ಈ ಸಲ ಆಂಬ್ಯುಲೆನ್ಸ್ ಓಡಿಸಲು ಆಸ್ಪತ್ರೆಯ ಕೆಲಸಗಾರರಿಗೇ ಅವಕಾಶ ಸಿಕ್ಕಿತ್ತು. ಹೆಸರು ಕೊಟ್ಟ ಹೆಂಗಸು ಅವಳೊಬ್ಬಳೇ. ಹತ್ತು ದಿನ, ಸಂಜೆ ಆರಕ್ಕೆ ಸರಿಯಾಗಿ, ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ತರಬೇತಿ, ಕೊನೆಗೆ ಪರೀಕ್ಷೆ. ಮೂರು ಸಲ ತಡವಾದರೆ ಹೆಸರು ಹೊಡೆದು ಹಾಕುತ್ತಾರೆ. ಅವಳಿಗೆ ಆಗಲೇ ಎರಡು ಸಲ ತಡವಾಗಿತ್ತು. ಯಾಕೆಂದರೆ ಸಂಜೆ ಮನೆಗೆ ಬಂದವಳು, ಮಕ್ಕಳು ಮುಗಿಸಿದ ಕೆಲಸವನ್ನೆಲ್ಲ ಮೊದಲಿನಿಂದ ಶುರು ಮಾಡುತ್ತಿದ್ದಳು.

ಅಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಾನೆ. ಇನ್ನೂರು ಜನರಿಗೆ ಬೇಯಿಸಿ ಹಾಕುವವನು ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ ಎಂದು ಅಮ್ಮ ಅವನನ್ನು ಛೇಡಿಸುತ್ತಾಳೆ. ತೊಳೆಯಲು ಬಿಟ್ಟವಳೂ ಅವಳಲ್ಲ.

ಅಷ್ಟರಲ್ಲಿ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ನರ್ಸಕ್ಕ ಹೊರಡೋಣವಾ ಎಂದು ಕೇಳುತ್ತಾ ಬಂದರು. ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು. ಕಡ್ಡಿ ಅಷ್ಟರಲ್ಲಿ ಮತ್ತೆ ಮಡಚಿದ್ದ ನೀಲಿ ಟವೆಲನ್ನು ಅಮ್ಮ ಎತ್ತಿ ಹಿಡಿದಳು.

"ನೀವೇ ನೋಡಿ ಅಕ್ಕಾ, ಇದನ್ನ ಮಡಿಕೆ ಅಂತಾರಾ? ಬೆಕ್ಕು ಮಲಗಿ ಎದ್ದು ಹೋದಂಗಿದೆ. ಇವರಿಗೆ ಹೇಳಿಕೊಡೋ ಹೊತ್ತಿಗೆ ನಾನೇ ಮಾಡಿ ಮುಗಿಸ್ತೀನಿ."

"ಮೈ ಒರೆಸಿದ್ರೆ ಒದ್ದೆ ಹೋಗುತ್ತಾ?" ಎಂದರು ನರ್ಸಕ್ಕ.

"ಹೋಗುತ್ತೆ."

"ಮತ್ತೆ?"

ಪುಟ್ಟಿ ಕಿಸಕ್ಕನೆ ನಕ್ಕಳು. ನರ್ಸಕ್ಕ ಮಂಚದ ತುದಿಯಲ್ಲಿ ಕುಳಿತು, ಹಿಮ್ಮುಖವಾಗಿ ಓಡಿಸುವಾಗ ಅಮ್ಮ ಗಾಡಿಯನ್ನು ಮೈದಾನದಲ್ಲಿ ಗುರುತಿಗೆ ಇಟ್ಟಿದ್ದ ಡ್ರಮ್ಮಿಗೆ ಗುದ್ದಿದ್ದ ಮೊದಲ ದಿನವನ್ನು ನೆನಪಿಸಿದರು. ಆಗ ಕಲಿಸುವವರು ಅವಳನ್ನು ಇಳಿಸಿ ತಾವೇ ಗಾಡಿ ನಿಲ್ಲಿಸಿದರಾ ಎಂದು ಕೇಳಿದರು.

"ಇಲ್ಲ. ಇನ್ನೊಂದ್ಸಲ ತಗೊಳ್ಳಿ ಅಂದ್ರು."

"ಇಳಿಸಿಬಿಟ್ಟಿದ್ರೆ?"

"ಮಾರನೇ ದಿನ ನಾನು ಆ ಕಡೆ ತಲೆ ಹಾಕ್ತಿರ್ಲಿಲ್ಲ," ಎಂದಳು ಅಮ್ಮ. ಹೇಳಿದ ಮೇಲೆ ಕಡ್ಡಿಯ ಮುಖ ನೋಡಿದಳು.

ನರ್ಸಕ್ಕ ಎದ್ದು, ಉಳಿದದ್ದನ್ನು ನಿಂತ ಕಾಲಲ್ಲೇ ಹೇಳಿ ಮುಗಿಸಿದರು. ವಯಸ್ಸಿಗೆ ತಕ್ಕ ಕೆಲಸ ಕೊಡಬೇಕು. ಉರಿಯುವ ಒಲೆ, ಕುದಿಯುವ ನೀರು, ಹರಿತವಾದ ಚಾಕು, ಕಕ್ಕಸು ತೊಳೆಯುವ ದ್ರಾವಣ ದೊಡ್ಡವರ ಪಾಲಿಗೇ ಇರಲಿ. ಓದುವ ಹೊತ್ತನ್ನೂ ಆಡುವ ಹೊತ್ತನ್ನೂ ಕಸಿಯಬಾರದು. ತಪ್ಪು ಕಂಡರೆ ಮಾರನೇ ದಿನ ಜೊತೆಗೆ ನಿಂತು ತೋರಿಸಬೇಕು, ಬೆನ್ನ ಹಿಂದೆ ತಿದ್ದಬಾರದು. ಮಿಠಾಯಿಯ ಆಸೆ ತೋರಿಸಬೇಕಾಗಿಲ್ಲ. ಈ ಮನೆ ನಮ್ಮದೂ ಹೌದು ಎಂದು ಮಕ್ಕಳಿಗೆ ಅನ್ನಿಸಿದರೆ ಸಾಕು.

ಅಮ್ಮ ನೀಲಿ ಟವೆಲನ್ನು ಬೆಕ್ಕು ಮಲಗಿದ ಹಾಗೇ ಬೀರುವಿನಲ್ಲಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಮೈದಾನ ಮುಟ್ಟಿದಾಗ ಆರಕ್ಕೆ ಒಂದು ನಿಮಿಷ ಬಾಕಿ ಇತ್ತು.

ಆಮೇಲೆ ಮನೆಯೇ ಮೈದಾನವಾಯಿತು. ಕಡ್ಡಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆದ. ಕಸ, ಲೋಟ, ಬಟ್ಟೆ, ಒಂದೊಂದು ದಿನ ಒಬ್ಬೊಬ್ಬರ ಪಾಳಿ. ಪುಟ್ಟಿ ಐದೂವರೆಗೆ ಆಂಬ್ಯುಲೆನ್ಸಿನ ಹಾಗೆ ಕೂಗುತ್ತಾ ಅಮ್ಮನನ್ನು ಬಾಗಿಲ ತನಕ ದೂಡಿಕೊಂಡು ಹೋಗುತ್ತಿದ್ದಳು. ಅಮ್ಮ ವಾಪಸು ಬಂದು, ಇವತ್ತು ಡ್ರಮ್ಮಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದೆ ಎಂದರೆ ಮೂವರೂ ಕುಣಿಯುತ್ತಿದ್ದರು. ಐದನೆಯ ದಿನ ಕಡ್ಡಿಯ ಟವೆಲಿನ ಎರಡು ಮೂಲೆ ಒಂದಕ್ಕೊಂದು ಕೂಡಿದವು. ಯಾರೂ ಹೇಳಿರಲಿಲ್ಲ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಪರೀಕ್ಷೆಯ ದಿನಕ್ಕೆ ಹೋಗುವ ಮೊದಲು ನಿಮ್ಮಲ್ಲಿ ಒಂದು ಮಾತು. ಇವತ್ತು ಸಂಜೆ ಒಂದೇ ಒಂದು ಕೆಲಸವನ್ನು ಮಕ್ಕಳ ಕೈಗೆ ಕೊಡಿ. ಮಗನಿಗೂ ಕೊಡಿ, ಮಗಳಿಗೂ ಕೊಡಿ. ಒಂದು ಸಲ ಮಾಡಿ ತೋರಿಸಿ. ಆಮೇಲೆ ನಿಮ್ಮ ಕೈ ಕಟ್ಟಿಕೊಳ್ಳಿ. ಕಷ್ಟವಾಗುವುದು ಇದೇ. ಲೋಟದಲ್ಲಿ ಸ್ವಲ್ಪ ಜಿಡ್ಡು ಉಳಿದರೆ ಮನೆ ಮುಳುಗುವುದಿಲ್ಲ. ಮಕ್ಕಳ ಉತ್ಸಾಹ ಹೋದರೆ ಅದನ್ನು ತೊಳೆದು ತರಲಾಗುವುದಿಲ್ಲ.

ಪರೀಕ್ಷೆಯ ಸಂಜೆ ಅಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಐದೂ ಮೂವತ್ತೈದು. ಒಳಗೆ ಕಡ್ಡಿ ಹಾಲಿನ ಪಾತ್ರೆ ತಿಕ್ಕುತ್ತಿದ್ದ. ತಳದಲ್ಲಿ ಸುಟ್ಟ ಕಲೆಯೊಂದು ಬಿಡುತ್ತಲೇ ಇರಲಿಲ್ಲ. ಅವನು ತಿಕ್ಕಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ತಿಕ್ಕಿದ. ಅಮ್ಮನ ಬೆರಳು ತುರಿಸಿದವು. ಬ್ಯಾಗನ್ನು ಕೆಳಗಿಟ್ಟು, ಅಂಗಿಯ ತೋಳು ಮಡಚಿಕೊಳ್ಳುತ್ತಾ ಎರಡು ಹೆಜ್ಜೆ ಒಳಗೆ ಬಂದಳು.

"ಕೊಡೋ ಇಲ್ಲಿ, ಎರಡೇ ನಿಮಿಷ. ನಾನು ತೊಳೆದುಕೊಡ್ತೀನಿ."

ಕಡ್ಡಿ ಪಾತ್ರೆಯನ್ನು ಎದೆಗೆ ಅವಚಿಕೊಂಡ. ನೊರೆ ಅವನ ಅಂಗಿಯ ಮೇಲೆ ಇಳಿಯಿತು.

"ಕೊಡಲ್ಲ," ಎಂದ. "ಇವತ್ತು ನನ್ನ ಪಾಳಿ, ನೀನು ಪರೀಕ್ಷೆಗೆ ಹೊರಡು."