ಬೆನ್ನಲ್ಲಿ ಉಂಟು

ಮುಚ್ಚಿದ ಮನಸ್ಸುಗಳ ಒಳಗನ್ನು ಬಿಚ್ಚದೆಯೇ ಬಲ್ಲ ಕರುಣಾನಿಧಿಗೆ ಸಕಲ ಸ್ತುತಿ.

ನಿಝಾಮ್ ಕಾರಿನ ಹಿಂದಿನ ಸೀಟನ್ನು ಎತ್ತಿ ಅಂಗಳದಲ್ಲಿಟ್ಟು, ಒರಗಿನ ಬುಡದ ಬೋಲ್ಟಿಗೆ ಸ್ಪ್ಯಾನರ್ ತೊಡಿಸಿದ. ಮನೆಯೊಳಗೆ, ತೀರಿಕೊಂಡ ಅವನ ತಂದೆ ಉಮ್ಮರನ ಮಯ್ಯತ್ತಿಗೆ ಸ್ನಾನ ಮಾಡಿಸುತ್ತಿದ್ದರು.

"ಬಾಪನನ್ನು ಇನ್ನೂ ಎತ್ತಿಲ್ಲ, ಆಗಲೇ ಕಾರು ಬಿಚ್ಚುವುದಾ?" ಬೆಳ್ತಂಗಡಿಯಿಂದ ಬಂದ ಸೋದರಮಾವ ರಮೀಝ್ ಅಡ್ಡ ನಿಂತ. "ಏನುಂಟು ಅದರಲ್ಲಿ? ಪ್ರತಿ ಮಳೆಗಾಲ ಕಳೆದ ಮೇಲೆ ಭಾವ ಶೆಡ್ಡಿನ ಬಾಗಿಲು ಹಾಕಿ ಇದನ್ನೇ ಬಿಚ್ಚಿ ಜೋಡಿಸ್ತಿದ್ದದ್ದು ನನಗೂ ಗೊತ್ತುಂಟು."

"ಬಾಪನಿಗೆ ಹೊದೆಸುವ ಕಫನ್ ಹುಡುಕ್ತಿದ್ದೇನೆ ಮಾಮ."

"ಸೀಟಿನೊಳಗೆ ಕಫನಾ! ನನ್ನ ಕಿವಿಗೆ ಹೂ ಇಡಬೇಡ ಮಾರಾಯ."

ಕಿಟಕಿಯ ಪರದೆಯ ಹಿಂದೆ ಉಮ್ಮರನ ಹೆಂಡತಿ ನಫೀಸಮ್ಮ ಕಿವಿಗೊಟ್ಟು ನಿಂತಿದ್ದಳು.

*

ಮೆಕ್ಕಾದ ಉಮ್ರಾ ಯಾತ್ರೆಯಿಂದ ದಂಪತಿ ಪವಿತ್ರ ಝಮ್‌ಝಮ್ ನೀರಿನಲ್ಲಿ ಅದ್ದಿ ತಂದ ಕಫನ್ ವಸ್ತ್ರಗಳು ಎರಡು ಗಂಟು: ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು. ಅದನ್ನೇ ಹೊದ್ದು ಮಣ್ಣಿಗೆ ಸೇರಬೇಕೆಂಬುದು ಉಮ್ಮರನ ಬಯಕೆ. ಎಲ್ಲಿಟ್ಟಿರಿ ಎಂದರೆ "ಜೋಪಾನ ಉಂಟು" ಎನ್ನುತ್ತಿದ್ದ. ಕಾರಿನಲ್ಲಿ ಮೂಡುಬಿದಿರೆಯ ಬಾಡಿಗೆ ಮುಗಿಸಿ ತಡವಾಗಿ ಬಂದಾಗಲೂ, ಶೆಡ್ಡಿನ ಬಾಗಿಲು ಮುಚ್ಚಿಕೊಂಡಾಗಲೂ ಆಕೆಯ ಮನಸ್ಸು ಇನ್ನೊಬ್ಬಳನ್ನು ಕಲ್ಪಿಸಿಕೊಂಡದ್ದುಂಟು.

ನಿನ್ನೆ ಉಸಿರು ತಗ್ಗುವಾಗ ಆತ ಅಂದದ್ದಿಷ್ಟೆ: "ಬೆನ್ನಲ್ಲಿ ಉಂಟು." ನೋವೆಂದು ತಿಳಿದು ಆಕೆ ಎಣ್ಣೆ ತಿಕ್ಕಿದಳು. ಸೀಟಿನ ಒರಗನ್ನು ಬಾಪ "ಬೆನ್ನು" ಎಂದೇ ಕರೆಯುತ್ತಿದ್ದುದು ನಿಝಾಮನಿಗೆ ಹೊಳೆದದ್ದು ಇಂದು, ಸ್ನಾನದ ನೀರು ಒಯ್ಯುವಾಗ.

*

ಕೊಂಡಿಯಿಂದ ಕಳಚಿದ ಒರಗಿನ ಹೊಲಿಗೆ ಬಿಚ್ಚಿದಾಗ, ಫೋಮ್ ಕೊರೆದ ಗುಳಿಯಲ್ಲಿ ಬಿಳಿಯ ಗಂಟೊಂದಿತ್ತು. ಒಂದೇ ಗಂಟು. ರಮೀಝ್ ಎಣಿಸಿದ.

"ಐದು ತುಂಡು! ಇದು ಹೆಂಗಸಿನದ್ದು. ಭಾವ ತನ್ನದನ್ನು ಯಾರಿಗೆ ಕೊಟ್ಟರು?"

ಆಗಷ್ಟೇ ಅಂಗಳಕ್ಕೆ ಬಂದಿದ್ದ, ಉಮ್ಮರನ ಗೆಳೆಯ ಸುಬ್ಬಯ್ಯ ಗಂಟನ್ನು ಕಂಡು ನಿಂತ.

"ಯಾರಿಗೂ ಅಲ್ಲ, ಹೊಳೆಗೆ. ನೇತ್ರಾವತಿ ಮನೆಗೆ ನುಗ್ಗಿದ ವರ್ಷ ಎರಡೂ ಗಂಟು ತಲೆಯಲ್ಲಿ ಹೊತ್ತು ನಮ್ಮ ಗುಡ್ಡೆ ಹತ್ತಿದ. ಒಂದು ಜಾರಿತು. 'ನನ್ನದೇ ಹೋದದ್ದು, ಪುಣ್ಯ' ಅಂತ ನಕ್ಕ. ಉಳಿದದ್ದನ್ನು ಸೀಟಿನ ಬೆನ್ನಿಗೆ ಹೊಲಿದ. ನೆರೆ ಬಂದರೆ ಮೊದಲು ಗುಡ್ಡೆ ಹತ್ತುವುದು ಕಾರಲ್ವಾ? ವರ್ಷವರ್ಷ ಬಿಚ್ಚಿ ತೇವ ನೋಡ್ತಿದ್ದ. 'ನಫೀಸನಿಗೆ ಹೇಳಬೇಡ, ಅವಳದನ್ನೇ ನನಗೆ ಹೊದೆಸಿಯಾಳು' ಅಂದಿದ್ದ. ಈಗ ಹೇಳಿದೆ. ಬೈಲಿಕ್ಕೂ ಅವ ಇಲ್ಲ."

ಪರದೆಯ ಸಂದಿಯಿಂದ ನಫೀಸಮ್ಮನ ಕೈ ಚಾಚಿತು. ಗಂಟು ಒಳಹೋಗಿ, ಮೂರು ಉದ್ದ ಹಾಸುಗಳು ಹೊರಬಂದವು.

"ಇವು ಬಾಪನಿಗೆ. ಅಂಗಿ, ತಲೆವಸ್ತ್ರ ನನಗಿರಲಿ."

"ನಿನಗೆ ಕಡಿಮೆ ಬೀಳುವ ಮೂರು?" ರಮೀಝನ ಸ್ವರ ತಗ್ಗಿತ್ತು.

"ಬಂಟ್ವಾಳ ಪೇಟೆಯಲ್ಲಿ ಬಿಳಿ ಬಟ್ಟೆಗೆ ಬರವಾ? ನಿಝಾಮ್, ಈ ಎರಡನ್ನು ಅಲ್ಲೇ ಇಟ್ಟು ಹೊಲಿ."

*

ದಫನ್ ಮುಗಿಯಿತು. ಒರಗು ಮತ್ತೆ ಕೊಂಡಿಗೇರಿತು. ಸಂಜೆ ನಿಝಾಮ್ ಮಾವನನ್ನು ಅದೇ ಕಾರಿನಲ್ಲಿ ಊರಿಗೆ ಬಿಡಹೊರಟ. ಪುಂಜಾಲಕಟ್ಟೆ ದಾಟಿತು, ದಾರಿ ಕುಲುಕಿತು. ಹಿಂದಿನ ಸೀಟಿನ ತುದಿಯಲ್ಲಿ ಕುಳಿತ ರಮೀಝ್ ಬೆಳ್ತಂಗಡಿ ಮುಟ್ಟುವವರೆಗೂ ತನ್ನ ಬೆನ್ನನ್ನು ಸೀಟಿನ ಬೆನ್ನಿಗೆ ತಾಗಿಸಲಿಲ್ಲ.

ಇದನ್ನು ಆಲಿಸಿದ ಸರ್ವರ ಎದೆಯ ಶಂಕೆಯನ್ನು ಆತನು ನೀಗಲಿ; ಒರಗಲು ಎಲ್ಲರಿಗೂ ಒಂದು ಆಸರೆಯನ್ನು ಅನುಗ್ರಹಿಸಲಿ.